ಪಾಪಿ ಚಿರಾಯು, ಹಾಗಾದರೆ ದೇವರು?

ನಮ್ಮ ಬಾಯಲ್ಲಿ ಎರಡು ಮಾತು ಸದಾ ಸಿದ್ಧವಾಗಿರುತ್ತವೆ. ಒಂದು, ಮಾಡಿದ್ದುಣ್ಣೋ ಮಹಾರಾಯ. ಇನ್ನೊಂದು, ಪಾಪಿ ಚಿರಾಯು. ಎರಡನ್ನೂ ಹೇಳುವುದು ಒಬ್ಬರೇ. ಯಾರಾದರೂ ಬಿದ್ದರೆ ಮೊದಲನೆಯದು. ಬೀಳಬೇಕಾದವನು ಬೀಳದೇ ಹೋದರೆ ಎರಡನೆಯದು.

ಸತ್ಯವೇದದಲ್ಲೂ, ಅಂದರೆ ಬೈಬಲಿನಲ್ಲೂ, ಹೆಚ್ಚು ಕಡಿಮೆ ಇದೇ ಕತೆ. ಜ್ಞಾನೋಕ್ತಿಗಳ 10ನೇ ಅಧ್ಯಾಯ ದುಷ್ಟರ ಆಯುಷ್ಯ ಕಡಿಮೆ ಅನ್ನುತ್ತದೆ. ಅದರ ಮುಂದಿನ ಪುಸ್ತಕವೇ ಪ್ರಸಂಗಿ. ಅದನ್ನು ಬರೆದವನು 7ನೇ ಅಧ್ಯಾಯದಲ್ಲಿ ಹೇಳುವುದು ಉಲ್ಟಾ: ನೀತಿವಂತ ನೀತಿಯಲ್ಲಿದ್ದೂ ಸಾಯುತ್ತಾನೆ, ದುಷ್ಟ ಕೆಟ್ಟತನದಲ್ಲಿದ್ದೂ ಬಹಳ ಕಾಲ ಬಾಳುತ್ತಾನೆ, ನಾನು ನೋಡಿದ್ದೇನೆ. ಎರಡನ್ನೂ ಒಂದೇ ಗ್ರಂಥದಲ್ಲಿ ಇಟ್ಟವರಿಗೆ ಈ ತಿಕ್ಕಾಟ ಕಾಣಿಸಲಿಲ್ಲವಾ? ಖಂಡಿತ ಕಾಣಿಸಿರುತ್ತದೆ. ಆದರೂ ಯಾವುದನ್ನೂ ಕಿತ್ತುಹಾಕಲಿಲ್ಲ. ಈ ಗ್ರಂಥವನ್ನು ನಾನು ನಂಬುವುದಕ್ಕೆ ಇದೂ ಒಂದು ಕಾರಣ.

ನಂಬಿಕೆಯುಳ್ಳ ನಾವು ಮಾತ್ರ ಅಷ್ಟು ಧೈರ್ಯವಂತರಲ್ಲ. ಕೆಟ್ಟವನು ಚೆನ್ನಾಗಿರುವುದನ್ನು ನೋಡಿದ ತಕ್ಷಣ ಒಂದು ಸಮಾಧಾನ ಹುಡುಕುತ್ತೇವೆ. "ದುಡ್ಡಿದ್ದರೇನು, ರಾತ್ರಿ ನಿದ್ದೆ ಬರಲ್ಲ ಬಿಡಿ." "ಅವನಿಗಲ್ಲದಿದ್ದರೂ ಮಕ್ಕಳಿಗೆ ತಟ್ಟದೇ ಇರುತ್ತಾ?" ಇಂಥ ಮಾತು ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಒಳ್ಳೆಯವನಾಗಿದ್ದೂ ಎಲ್ಲವನ್ನೂ ಕಳೆದುಕೊಂಡ ಯೋಬ ಈ ಎರಡನ್ನೂ ಒಪ್ಪುವುದಿಲ್ಲ. ತನ್ನ ಹೆಸರಿನ ಪುಸ್ತಕದ 21ನೇ ಅಧ್ಯಾಯದಲ್ಲಿ ಅವನು ದುಷ್ಟರ ಮನೆಯೊಳಗೆ ಹೋಗಿ ಬಂದವನ ಹಾಗೆ ವರ್ಣಿಸುತ್ತಾನೆ. ಅವರ ಮನೆಗೆ ಭಯವಿಲ್ಲ. ಹಸು ಕರು ಹಾಕುವುದು ತಪ್ಪುವುದಿಲ್ಲ. ಮಕ್ಕಳು ಕುಣಿದಾಡುತ್ತಾರೆ, ದಮ್ಮಡಿ, ಕಿನ್ನರಿ, ಕೊಳಲು ಎಲ್ಲ ಇವೆ. ಕೊನೆಗೆ ಸಾವು ಕೂಡ ನರಳಾಟವಿಲ್ಲದೆ ಬರುತ್ತದೆ. ಮಕ್ಕಳಿಗೆ ತಟ್ಟುತ್ತದೆ ಎಂಬ ವಾದವನ್ನಂತೂ ಅವನು ಎತ್ತಿಕೊಂಡು ಬಿಸಾಡುತ್ತಾನೆ. ಮಾಡಿದವನಿಗೇ ತಟ್ಟಲಿ, ಅವನೇ ಉಣ್ಣಲಿ, ಸತ್ತ ಮೇಲೆ ತನ್ನ ಮನೆಯವರ ಗತಿ ಏನಾದರೆ ಅವನಿಗೇನಂತೆ? ಇದು ಯೋಬನ ಪ್ರಶ್ನೆ. ಸಾವಿರಾರು ವರ್ಷ ಹಳೆಯದು. ಇನ್ನೂ ನಾವು ಅದೇ ಹಳೇ ಸಮಾಧಾನ ಹೇಳಿಕೊಂಡು ತಿರುಗುತ್ತಿದ್ದೇವೆ.

ಒಂದು ಪ್ರಾರ್ಥನಾ ಕೂಟದಲ್ಲಿ ನಡೆದದ್ದನ್ನು ಹೇಳಬೇಕು. ಕೂಟಕ್ಕೆ ಬರುವ ಒಬ್ಬ ಅಕ್ಕ ಲೆಕ್ಕಪತ್ರದ ಕೆಲಸದಲ್ಲಿದ್ದರು. ಬಾರದ ಸರಕಿಗೆ ಬಂದಿದೆ ಎಂದು ಬಿಲ್ ಮಾಡಿ, ಅದಕ್ಕೆ ಸಹಿ ಹಾಕಲು ಮೇಲಿನವರು ಹೇಳಿದರು. ಅಕ್ಕ ಹಾಕಲಿಲ್ಲ. ಬೇರೊಬ್ಬರು ಹಾಕಿದರು. ಸ್ವಲ್ಪ ದಿನದಲ್ಲಿ ಸಹಿ ಹಾಕಿದವರಿಗೆ ಬಡ್ತಿ ಸಿಕ್ಕಿತು, ಅಕ್ಕನಿಗೆ ಮನೆಗೆ ಹೋಗುವ ಪತ್ರ ಬಂತು. ಆ ವಾರ ಕೂಟದಲ್ಲಿ ಅವರು ಇದನ್ನು ಹೇಳುವಾಗ ಅಳಲಿಲ್ಲ. ಕೈಯಲ್ಲಿದ್ದ ಸತ್ಯವೇದದ ಜಿಪ್ಪನ್ನು ಎಳೆಯುತ್ತಾ, ಮತ್ತೆ ಹಾಕುತ್ತಾ ಕೂತಿದ್ದರು. ಹಿರಿಯರೊಬ್ಬರು ಪ್ರೀತಿಯಿಂದಲೇ ಅಂದರು, "ದೇವರು ನೋಡ್ತಾ ಇದ್ದಾನೆ ಕಣಮ್ಮಾ."

"ಹೌದು ಅಂಕಲ್, ನೋಡ್ತಾ ಇದ್ದಾನೆ. ಸುಮ್ನೆ ನೋಡ್ತಾ ಇದ್ದಾನಲ್ಲಾ, ಅದೇ ನನ್ನ ಪ್ರಶ್ನೆ."

ಯಾರೂ ಮಾತಾಡಲಿಲ್ಲ. ಕೊನೆಗೆ ಯಾರೋ ಹಾಡು ಎತ್ತಿದರು, ನಾವೆಲ್ಲ ಅದರ ಹಿಂದೆ ಅಡಗಿಕೊಂಡೆವು.

ಇಂಥ ಹೊತ್ತಿನಲ್ಲಿ ಎಲ್ಲರೂ ತೆರೆಯುವುದು 73ನೇ ಕೀರ್ತನೆ. ಬರೆದವನು ಆಸಾಫ. ಅರಸ ದಾವೀದ ನೇಮಿಸಿದ ಗಾಯಕರಲ್ಲಿ ಮುಖ್ಯನಾದವನು, ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮುಂದೆ ತಾಳ ಬಾರಿಸುತ್ತಿದ್ದವನು. ಅಂದರೆ ಆರಾಧನೆ ನಡೆಸುವುದೇ ಅವನ ಕೆಲಸ. ಅಂಥವನು ಬರೆಯುತ್ತಾನೆ, ನನ್ನ ಕಾಲು ಜಾರಿಯೇ ಬಿಟ್ಟಿತ್ತು ಅಂತ. ಯಾಕೆ ಜಾರಿತು? ಇದನ್ನು ನಾವು ಸಾಮಾನ್ಯವಾಗಿ ಓಡಿಸಿಕೊಂಡು ಓದುತ್ತೇವೆ. ಅವನು ಹೇಳುವ ಕಾರಣ ಹೊಟ್ಟೆಕಿಚ್ಚು. ದುಷ್ಟರು ಬಡವರನ್ನು ತುಳಿದರು, ಅದಕ್ಕೆ ನನ್ನ ಕರುಳು ಕಿತ್ತು ಬಂತು ಎಂದು ಅವನು ಹೇಳುವುದಿಲ್ಲ. ಅವರ ಸುಖ ನೋಡಿ ಹೊಟ್ಟೆ ಉರಿಯಿತು ಎಂದು ನೇರವಾಗಿ ಹೇಳುತ್ತಾನೆ.

ಆಮೇಲಿನ ವರ್ಣನೆ ನೋಡಿ. ಅವರಿಗೆ ಬಾಧೆಯಿಲ್ಲ, ಮೈ ಕೊಬ್ಬಿದೆ, ಕೊಬ್ಬಿ ಕಣ್ಣು ಉಬ್ಬಿದೆ. ಗರ್ವ ಅವರಿಗೆ ಕೊರಳ ಹಾರ. ಹೊಟ್ಟೆ ಉರಿಯುವವನು ಮಾತ್ರ ಇಷ್ಟು ಹತ್ತಿರದಿಂದ ನೋಡಬಲ್ಲ. ನಮಗೆ ಆಗದವರ ಮನೆ, ಕಾರು, ಪ್ರವಾಸದ ಫೋಟೋಗಳನ್ನು ನಾವು ಎಷ್ಟು ಶ್ರದ್ಧೆಯಿಂದ ನೋಡುತ್ತೇವೆ ಅಲ್ವಾ? ನಂತರ ಆಸಾಫನ ಒಳಗಿನ ಲೆಕ್ಕ ಹೊರಗೆ ಬರುತ್ತದೆ. ನಾನು ಮನಸ್ಸು ಶುದ್ಧವಾಗಿಟ್ಟುಕೊಂಡದ್ದು ದಂಡ, ಕೈ ತೊಳೆದುಕೊಂಡದ್ದು ದಂಡ. ಅಂದರೆ ಇಷ್ಟು ದಿನ ಶುದ್ಧವಾಗಿದ್ದದ್ದು ಏನೋ ಬರುತ್ತದೆ ಎಂಬ ಲೆಕ್ಕದ ಮೇಲೆ. ಅದು ಬರಲಿಲ್ಲ, ಬೇರೆಯವನಿಗೆ ಹೋಯಿತು.

15ನೇ ವಚನದಲ್ಲಿ ಅವನು ಒಂದು ಕ್ಷಣ ತಡೆಯುತ್ತಾನೆ. ಇದನ್ನೆಲ್ಲ ನಾನು ಬಾಯಿಬಿಟ್ಟು ಹೇಳಿಬಿಟ್ಟಿದ್ದರೆ ನಿನ್ನ ಮಕ್ಕಳಿಗೆ ದ್ರೋಹ ಮಾಡಿದಂತೆ ಆಗುತ್ತಿತ್ತು ಅನ್ನುತ್ತಾನೆ. ಇದನ್ನು ಹಿಡಿದುಕೊಂಡು "ಪ್ರಶ್ನೆ ಕೇಳಬೇಡಿ" ಎಂದು ಬೋಧಿಸುವುದನ್ನು ಕೇಳಿದ್ದೇನೆ. ಅದಕ್ಕೆ ಅರ್ಥವೇ ಇಲ್ಲ. ಬಾಯಿಬಿಡಲಿಲ್ಲ ಎಂದವನು ಅದನ್ನೆಲ್ಲ ಹಾಡು ಮಾಡಿ ಆಲಯಕ್ಕೇ ಕೊಟ್ಟನಲ್ಲ! ಗುಂಪಿನಲ್ಲಿ ವಿಷ ಹರಡಲಿಲ್ಲ, ದೇವರ ಮುಂದೆ ಸುರಿದ. ಅಷ್ಟೇ ವ್ಯತ್ಯಾಸ.

17ನೇ ವಚನಕ್ಕೆ ತಿರುವು. ದೇವರ ಆಲಯಕ್ಕೆ ಹೋದ ಮೇಲೆ ಅವರ ಅಂತ್ಯ ಅರ್ಥವಾಯಿತು. ಅವರು ನಿಂತಿರುವುದು ಜಾರುವ ನೆಲದ ಮೇಲೆ, ಕ್ಷಣದಲ್ಲಿ ಹೋಗುತ್ತಾರೆ, ಎದ್ದ ಮೇಲೆ ಮರೆತುಹೋಗುವ ಕನಸಿನ ಹಾಗೆ. ಬಹಳ ಪ್ರಸಂಗಗಳು ಇಲ್ಲಿಗೆ ಮುಗಿಯುತ್ತವೆ. ಬಿದ್ದೇ ಬೀಳುತ್ತಾರೆ, ಆಮೆನ್. ಆದರೆ ಆಸಾಫ ಅವರ ಬೀಳುವಿಕೆಗೆ ಕೊಟ್ಟದ್ದು ಮೂರೇ ವಚನ. ಅದಾದ ಮೇಲೆ ಅವರನ್ನು ಬಿಟ್ಟು ತನ್ನ ಕಡೆ ತಿರುಗುತ್ತಾನೆ. ನಿನ್ನ ಮುಂದೆ ನಾನು ಪಶುವಿನ ಹಾಗಿದ್ದೆ. ಆದರೂ ನೀನು ನನ್ನ ಬಲಗೈ ಹಿಡಿದುಕೊಂಡಿದ್ದೆ. ಕೊನೆಯ 28ನೇ ವಚನಕ್ಕೆ ಬರುವಷ್ಟರಲ್ಲಿ ಒಳ್ಳೆಯದು ಅಂದರೆ ಏನು ಎಂಬುದೇ ಅವನಿಗೆ ಬದಲಾಗಿದೆ. ದೇವರ ಹತ್ತಿರ ಇರುವುದೇ ನನಗೆ ಒಳ್ಳೆಯದು ಅನ್ನುತ್ತಾನೆ. ದುಷ್ಟರ ಮೈ ಇನ್ನೂ ಕೊಬ್ಬಿದಂತೆಯೇ ಇದೆ. ಕೀರ್ತನೆ ಮುಗಿಯುವ ಹೊತ್ತಿಗೂ ಅವರಲ್ಲಿ ಒಬ್ಬನೂ ಬಿದ್ದ ಸುದ್ದಿಯಿಲ್ಲ.

ಇದು ನಿಜವಾದ ಉತ್ತರ. ಆದರೆ ಯಾರಿಗೆ? ಹೊಟ್ಟೆ ಉರಿದವನಿಗೆ. ನಾನು ಬಹಳ ಕಾಲ ಗಮನಿಸಿ ಬಂದಿರುವ ತೀರ್ಮಾನ ಇದು: "ಕೆಟ್ಟವರು ಯಾಕೆ ಚೆನ್ನಾಗಿದ್ದಾರೆ" ಎಂಬ ಒಂದೇ ಪ್ರಶ್ನೆಯನ್ನು ಇಬ್ಬರು ಬೇರೆ ಬೇರೆ ಮನುಷ್ಯರು ಕೇಳುತ್ತಾರೆ. ಒಬ್ಬ, ನನಗೆ ಸಿಗದ್ದು ಅವನಿಗೆ ಸಿಕ್ಕಿತಲ್ಲ ಎನ್ನುವವನು. ಇನ್ನೊಬ್ಬ, ಅವನು ನನ್ನದನ್ನು ಕಿತ್ತುಕೊಂಡನಲ್ಲ ಎನ್ನುವವನು. ಮೊದಲನೆಯವನಿಗೆ ಆಸಾಫ ಸಾಕು. ಎರಡನೆಯವರಿಗೆ ಅದೇ ಕೀರ್ತನೆ ಕೊಟ್ಟು ಕಳುಹಿಸಿದರೆ ಗಾಯಕ್ಕೆ ಉಪ್ಪು ಹಚ್ಚಿದಂತೆ. ಆ ಅಕ್ಕನಿಗೆ ಬಡ್ತಿ ಪಡೆದವರ ಮೇಲೆ ಅಸೂಯೆ ಇರಲಿಲ್ಲ. ಅವರಿಗೆ ನ್ಯಾಯ ಬೇಕಿತ್ತು.

ಕಷ್ಟವಿರುವುದು ಅಲ್ಲೇ. ಸತ್ಯವೇದದ ಇತಿಹಾಸದ ಪುಸ್ತಕಗಳು ಇದನ್ನು ಇನ್ನೂ ಕಷ್ಟ ಮಾಡುತ್ತವೆ. ಯೆಹೂದದ ಅರಸರಲ್ಲಿ ಎಲ್ಲರಿಗಿಂತ ಜಾಸ್ತಿ ಕಾಲ ಆಳಿದವನು ಯಾರು ಗೊತ್ತಾ? ದಾವೀದನಲ್ಲ, ಹಿಜ್ಕೀಯನಲ್ಲ. ಮನಸ್ಸೆ. 12ನೇ ವಯಸ್ಸಿಗೆ ಪಟ್ಟಕ್ಕೆ ಬಂದು 55 ವರ್ಷ ಆಳಿದ. ತನ್ನ ಮಗನನ್ನೇ ಬೆಂಕಿಗೆ ಕೊಟ್ಟ, ಯೆರೂಸಲೇಮನ್ನು ಈ ತುದಿಯಿಂದ ಆ ತುದಿಯವರೆಗೆ ನಿರಪರಾಧಿಗಳ ರಕ್ತದಿಂದ ತುಂಬಿಸಿದ ಎಂದು ಅರಸುಗಳ ಎರಡನೇ ಪುಸ್ತಕ ಹೇಳುತ್ತದೆ. ಅವನ ಹೆಸರು ಅಶ್ಶೂರದ ಅರಸರ ಶಾಸನಗಳಲ್ಲೂ ಇದೆ, ಕಪ್ಪ ಕೊಡುವವರ ಪಟ್ಟಿಯಲ್ಲಿ. ಅವನ ಮೊಮ್ಮಗ ಯೋಷೀಯ. ಯೋಷೀಯನಂಥ ಅರಸ ಅವನಿಗೆ ಮುಂಚೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ ಎಂದು ಅದೇ ಪುಸ್ತಕ ಹೊಗಳುತ್ತದೆ. 8ನೇ ವಯಸ್ಸಿಗೆ ಪಟ್ಟ, 31 ವರ್ಷದ ಆಳ್ವಿಕೆ, ಮೆಗಿದ್ದೋವಿನಲ್ಲಿ ಈಜಿಪ್ಟಿನ ಸೇನೆಯೆದುರು ಸಾವು. ಲೆಕ್ಕ ಹಾಕಿದರೆ 39ರ ಹರೆಯ. ಅಜ್ಜ ಆಳಿದಷ್ಟು ವರ್ಷ ಮೊಮ್ಮಗ ಬದುಕಲೂ ಇಲ್ಲ.

ಐಶ್ವರ್ಯವೇ ಆಶೀರ್ವಾದದ ಗುರುತು, ಕಾಯಿಲೆ ಬಡತನ ಎಲ್ಲ ನಂಬಿಕೆಯ ಕೊರತೆ ಎಂದು ಬೋಧಿಸುವವರು ಮನಸ್ಸೆಯನ್ನು ಏನು ಮಾಡುತ್ತಾರೋ ನೋಡಬೇಕು. ಆ ಬೋಧನೆ ನಿಜವಾದರೆ 55 ವರ್ಷವೂ ದೇವರು ಅವನ ಬೆನ್ನು ತಟ್ಟಿದ ಎಂದಾಗುತ್ತದೆ. (ಇಂಥ ಬೋಧನೆಗೆ ಕೈ ತಟ್ಟುವವರಲ್ಲಿ ಬಡವರೇ ಜಾಸ್ತಿ ಇರುತ್ತಾರೆ. ಅದು ನನಗೆ ಸಂಕಟ.)

ಮನಸ್ಸೆಯ ಕತೆಗೆ ಪೂರ್ವಕಾಲವೃತ್ತಾಂತ ಒಂದು ಬಾಲ ಸೇರಿಸುತ್ತದೆ. ಅಶ್ಶೂರದವರು ಅವನನ್ನು ಕೊಂಡಿ ಹಾಕಿ ಬಾಬಿಲಿಗೆ ಎಳೆದುಕೊಂಡು ಹೋದರು. ಅಲ್ಲಿ ಅವನು ತಗ್ಗಿಸಿಕೊಂಡು ಬೇಡಿಕೊಂಡ. ದೇವರು ಕೇಳಿ ವಾಪಸ್ ಸಿಂಹಾಸನಕ್ಕೆ ತಂದ. ಓದುವಾಗ ಖುಷಿಯಾಗಬೇಕು ಅಲ್ವಾ? ಅವನು ಕೊಲ್ಲಿಸಿದವರ ಹೆಂಡತಿ ಮಕ್ಕಳು ಆ ದಿನ ಯೆರೂಸಲೇಮಿನ ಬೀದಿಯಲ್ಲಿ ನಿಂತು ಅವನ ಮೆರವಣಿಗೆ ನೋಡಿದರೆ ಅವರಿಗೆ ಹೇಗೆ ಅನಿಸಿರಬೇಕು? ವೃತ್ತಾಂತಕಾರ ಅದನ್ನು ಬರೆದಿಲ್ಲ.

ದೇವರು ತಡಮಾಡುವುದು ತಾಳ್ಮೆಯಿಂದ, ಯಾರೂ ನಾಶವಾಗಬಾರದು ಎಂದು. ಪೇತ್ರನ ಎರಡನೇ ಪತ್ರ ಹೀಗೆ ಹೇಳುತ್ತದೆ. ಅವನ ದಯೆ ನಿನ್ನನ್ನು ಮಾನಸಾಂತರಕ್ಕೆ (ಪಶ್ಚಾತ್ತಾಪಪಟ್ಟು ತಿರುಗುವುದಕ್ಕೆ) ಕರೆಯುತ್ತಿದೆ ಎಂದು ಪೌಲ ರೋಮಾಪುರದವರಿಗೆ ಬರೆಯುತ್ತಾನೆ. ಯೇಸು ಹೇಳಿದ ಗೋಧಿ ಮತ್ತು ಕಳೆಯ ಸಾಮ್ಯದಲ್ಲೂ ಯಜಮಾನ ಆಳುಗಳಿಗೆ ಕೀಳಬೇಡಿ ಅನ್ನುತ್ತಾನೆ. ಆ ಕಳೆ ಎಳೆಯದಾಗಿದ್ದಾಗ ಗೋಧಿಯ ಹಾಗೇ ಕಾಣುತ್ತದೆ, ತೆನೆ ಬಂದಾಗಲೇ ಗುರುತು ಹತ್ತುವುದು. ಕೀಳಲು ಹೋದರೆ ಗೋಧಿಯೂ ಬರುತ್ತದೆ. ಇದೆಲ್ಲ ನಮಗೆ ಗೊತ್ತಿರುವ ಉತ್ತರ. ನಾನು ಇದನ್ನು ನಂಬುತ್ತೇನೆ. ತಪ್ಪು ಮಾಡಿದ ಕೂಡಲೇ ಸಿಡಿಲು ಬಡಿಯುವ ಲೋಕದಲ್ಲಿ ನಾನೂ ನೀವೂ ಎಷ್ಟು ದಿನ ಉಳಿಯುತ್ತಿದ್ದೆವು? 410ರಲ್ಲಿ ಗೋಥರು ರೋಮನ್ನು ಲೂಟಿ ಮಾಡಿದಾಗ ಒಳ್ಳೆಯವರು ಕೆಟ್ಟವರು ಎನ್ನದೆ ಎಲ್ಲರೂ ನೊಂದರು. ಆಗ ಬಿಷಪ್ ಅಗಸ್ಟೀನ್ ಬರೆದದ್ದರ ಸಾರ ಹೀಗಿದೆ: ಎಲ್ಲ ಪಾಪಕ್ಕೂ ಈಗಲೇ ಶಿಕ್ಷೆಯಾದರೆ ಕೊನೆಯ ತೀರ್ಪಿಗೆ ಏನೂ ಉಳಿಯಲಿಲ್ಲ ಅನಿಸುತ್ತದೆ, ಒಂದಕ್ಕೂ ಆಗದಿದ್ದರೆ ದೇವರೇ ಇಲ್ಲ ಅನಿಸುತ್ತದೆ.

ಸರಿ. ಆದರೆ ಈ ತಾಳ್ಮೆಯ ಬೆಲೆ ಕಟ್ಟುವವರು ಯಾರು? ಆದಿಕಾಂಡದ 15ನೇ ಅಧ್ಯಾಯ ಈ ಲೆಕ್ಕವನ್ನು ಮುಚ್ಚಿಡುವುದಿಲ್ಲ. ದೇವರು ಅಬ್ರಹಾಮನಿಗೆ ಹೇಳುತ್ತಾನೆ: ನಿನ್ನ ಸಂತತಿಯವರು ಪರದೇಶದಲ್ಲಿ 400 ವರ್ಷ ದಾಸರಾಗಿ ಬಾಧೆಪಡುತ್ತಾರೆ, ನಾಲ್ಕನೇ ತಲೆಮಾರಿನಲ್ಲಿ ಇಲ್ಲಿಗೆ ಮರಳುತ್ತಾರೆ, ಯಾಕೆಂದರೆ ಇಲ್ಲಿ ನೆಲೆಸಿರುವ ಅಮೋರಿಯರ ಪಾಪ ಇನ್ನೂ ತುಂಬಿಲ್ಲ. ಮತ್ತೊಮ್ಮೆ ಓದಿ. ಅಮೋರಿಯರಿಗೆ ಕೊಟ್ಟ ಕಾಲಾವಕಾಶದಷ್ಟು ದಿನ ಇಸ್ರಾಯೇಲ್ಯರು ಕಾಯಬೇಕು, ಕಾಯುವುದು ಚಾಟಿ ಏಟಿನ ಕೆಳಗೆ. ತಪ್ಪು ಮಾಡಿದವನಿಗೆ ಸಿಗುವ ಒಂದೊಂದು ದಿನದ ಬಾಡಿಗೆಯನ್ನೂ ಅನ್ಯಾಯಕ್ಕೊಳಗಾದವನೇ ಕಟ್ಟುತ್ತಿದ್ದಾನೆ. "ದೇವರು ತಾಳ್ಮೆಯುಳ್ಳವನು" ಎಂದು ಆ ಅಕ್ಕನ ಹತ್ತಿರ ಹೇಳುವ ಮುಂಚೆ ನಾವು ಈ ಒಂದು ಮಾತನ್ನು ನುಂಗಿಕೊಳ್ಳಬೇಕು.

ಇಲ್ಲಿ ನನಗೆ ವಾದ ಮುಗಿಯುತ್ತದೆ. ಉಳಿಯುವುದು ಶಿಲುಬೆ. ಅದನ್ನು ಬೆಣೆಯ ಹಾಗೆ ಎಲ್ಲ ಬಿರುಕಿಗೂ ತುರುಕುವುದು ನನಗೆ ಇಷ್ಟವಿಲ್ಲ. ಆದರೆ ಇಲ್ಲಿ ಅದು ಸೇರುವ ಜಾಗವೇ. ತಾಳ್ಮೆಯ ಬೆಲೆಯನ್ನು ಬೇರೆಯವರ ಕೈಯಲ್ಲಿ ಕಟ್ಟಿಸಿ ದೂರ ಕೂತ ದೇವರಾಗಿದ್ದರೆ ಅವನನ್ನು ಆರಾಧಿಸುವುದು ಕಷ್ಟವಾಗುತ್ತಿತ್ತು. ಸುವಾರ್ತೆ ಹೇಳುವ ದೇವರು ಕಟ್ಟುವವರ ಸಾಲಿನಲ್ಲೇ ಬಂದು ನಿಂತ. ರೋಮಿನ ಅಧಿಪತಿ ಪಿಲಾತನ ಅಂಗಳದಲ್ಲಿ ಆ ದಿನ ಏಳಿಗೆಯಾದದ್ದು ಯಾರದು? ಬರಬ್ಬನದು. ದಂಗೆಯಲ್ಲಿ ಕೊಲೆ ಮಾಡಿದವರ ಜೊತೆ ಸೆರೆಯಲ್ಲಿದ್ದವನು ಮನೆಗೆ ನಡೆದು ಹೋದ. ಪಿಲಾತ ಕೈ ತೊಳೆದುಕೊಂಡು ಅಧಿಕಾರದಲ್ಲೇ ಉಳಿದ. ಸೈನಿಕರಿಗೆ ಬಟ್ಟೆ ಸಿಕ್ಕಿತು. ಸೋತವನು ಒಬ್ಬನೇ. ಅವನೂ ಕೇಳಿದ, ಯಾಕೆ ನನ್ನ ಕೈಬಿಟ್ಟೆ ಅಂತ. ಆ ಪ್ರಶ್ನೆಗೆ ಮೇಲಿನಿಂದ ಉತ್ತರ ಬಂದದ್ದು ಯಾವ ಸುವಾರ್ತೆಯಲ್ಲೂ ಇಲ್ಲ. ಮೂರನೇ ದಿನ ಬಂದದ್ದನ್ನು ಮಾತಿನ ಉತ್ತರ ಎನ್ನಲಾಗದು. ಸಮಾಧಿಯೇ ಖಾಲಿಯಾಗಿತ್ತು.

ಅಂದ ಮೇಲೆ "ಎಷ್ಟು ಕಾಲ ಕರ್ತನೇ" ಎಂದು ಕೇಳುವುದು ಅಪನಂಬಿಕೆಯಲ್ಲ. ಪ್ರಕಟನೆಯ 6ನೇ ಅಧ್ಯಾಯದಲ್ಲಿ ಹತರಾದ ಭಕ್ತರು ಯಜ್ಞವೇದಿಯ ಕೆಳಗಿನಿಂದ ಇದನ್ನೇ ಕೂಗುತ್ತಾರೆ. ಅವರು ಸೇರಬೇಕಾದಲ್ಲಿಗೆ ಸೇರಿಯಾಗಿದೆ, ದೇವರ ಹತ್ತಿರವೇ ಇದ್ದಾರೆ, ಆಸಾಫ ಬಯಸಿದ್ದು ಅವರಿಗೆ ಸಿಕ್ಕಿದೆ. ಆದರೂ ಕೇಳುತ್ತಾರೆ, ನಮ್ಮ ರಕ್ತಕ್ಕೆ ನ್ಯಾಯ ಯಾವಾಗ? ಪರಲೋಕದಲ್ಲೇ ಈ ಪ್ರಶ್ನೆ ನಡೆಯುತ್ತದೆ ಅಂದರೆ ಬುಧವಾರದ ಕೂಟದಲ್ಲಿ ನಡೆಯಬಾರದಾ? ಅವರನ್ನು ಯಾರೂ ಗದರಿಸಲಿಲ್ಲ. ಬಿಳಿ ನಿಲುವಂಗಿ ಕೊಟ್ಟರು, ಇನ್ನು ಸ್ವಲ್ಪ ಕಾಲ ಅಂದರು.

ಇಷ್ಟು ಹೊತ್ತು ದೇವರನ್ನೇ ಕೇಳಿದ್ದಾಯಿತು. ಕೆಟ್ಟವರ ಏಳಿಗೆಗೆ ಇನ್ನೊಂದು ಕಾರಣ ತೀರಾ ನೆಲದ ಮೇಲಿನದು. ಅರಸುಗಳ ಮೊದಲ ಪುಸ್ತಕದ 21ನೇ ಅಧ್ಯಾಯ, ನಾಬೋತನ ದ್ರಾಕ್ಷೆತೋಟ. ಇಸ್ರಾಯೇಲಿನ ಅರಸ ಅಹಾಬನಿಗೆ ಆ ತೋಟ ಬೇಕಿತ್ತು. ನಾಬೋತ ಪಿತ್ರಾರ್ಜಿತ ಆಸ್ತಿ ಕೊಡುವುದಿಲ್ಲ ಅಂದ. ಅಹಾಬ ಮುಖ ಗಂಟು ಹಾಕಿಕೊಂಡು ಊಟ ಬಿಟ್ಟು ಮಲಗಿದ. ನಮ್ಮ ಉಪದೇಶಗಳಲ್ಲಿ ಇಲ್ಲಿಂದ ಅವನ ಹೆಂಡತಿ ಈಜೆಬೆಲಳಿಗೆ ಹಾರುತ್ತೇವೆ, ಅವಳಿಂದ ಪ್ರವಾದಿ ಎಲೀಯನಿಗೆ. ನಡುವೆ ಇರುವವರನ್ನು ನೋಡುವುದಿಲ್ಲ.

ನಡುವೆ ಇರುವವರು ಊರ ಹಿರಿಯರು. ಈಜೆಬೆಲ ಅವರಿಗೆ ಪತ್ರ ಬರೆದು ಅರಸನ ಮುದ್ರೆ ಒತ್ತಿದಳು. ಉಪವಾಸ ಸಾರಿ, ಸಭೆಯಲ್ಲಿ ನಾಬೋತನನ್ನು ಮುಂದೆ ಕೂರಿಸಿ, ಎದುರಿಗೆ ಇಬ್ಬರು ದುಷ್ಟರನ್ನು ಕೂರಿಸಿ, ದೇವದೂಷಣೆ ಮಾಡಿದ ಎಂದು ಸಾಕ್ಷಿ ಹೇಳಿಸಿ. ಉಪವಾಸ ಎಂಬುದನ್ನು ಗಮನಿಸಿ. ಕೊಲೆ ಶುರುವಾಗುವುದು ಪ್ರಾರ್ಥನೆಯ ಪ್ರಕಟಣೆಯಿಂದ. ಸಾಕ್ಷಿಗಳು ಇಬ್ಬರು, ಯಾಕೆಂದರೆ ಧರ್ಮಶಾಸ್ತ್ರಕ್ಕೆ ಇಬ್ಬರು ಬೇಕು. ಎಲ್ಲ ಕ್ರಮಬದ್ಧ, ಕಾಗದಪತ್ರ ಸರಿ ಇದೆ. ಹಿರಿಯರು ಪತ್ರದಲ್ಲಿದ್ದಂತೆಯೇ ಮಾಡಿದರು. ಕಲ್ಲು ಹೊಡೆದದ್ದಾಯಿತು ಎಂದು ವರದಿಯನ್ನೂ ಕಳುಹಿಸಿದರು. ಅಹಾಬ ಹಾಸಿಗೆಯಿಂದ ಎದ್ದು ತೋಟ ನೋಡಲು ಹೊರಟ. ಅವನು ಒಂದು ಕಲ್ಲನ್ನೂ ಮುಟ್ಟಿರಲಿಲ್ಲ.

ದುಷ್ಟನ ಏಳಿಗೆಗೆ ಇಷ್ಟು ಜನ ಬೇಕು. ಪತ್ರ ಒಯ್ಯುವವನು, ಉಪವಾಸ ಸಾರುವವನು, ಕುರ್ಚಿ ಹಾಕುವವನು, ಎಲ್ಲರೂ ಮರ್ಯಾದಸ್ಥರು. ನಮ್ಮ ಸಭೆಗಳನ್ನೇ ತೆಗೆದುಕೊಳ್ಳಿ. ಹಣ ಎಲ್ಲಿಂದ ಬಂತು ಎಂದು ಎಲ್ಲರಿಗೂ ಗೊತ್ತಿರುವ ಮನುಷ್ಯನಿಗೆ ಮುಂದಿನ ಸಾಲು ಸಿಗುತ್ತದೆ, ಕಟ್ಟಡ ಸಮಿತಿಯಲ್ಲಿ ಜಾಗ ಸಿಗುತ್ತದೆ. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ, ಹರಕು ಬಟ್ಟೆಯವನಿಗೆ ನೆಲ ಎಂದು ಯಾಕೋಬ ತನ್ನ ಪತ್ರದ 2ನೇ ಅಧ್ಯಾಯದಲ್ಲಿ ಬೈದದ್ದು ಹೊರಗಿನವರಿಗಲ್ಲ, ಸಭೆಗೆ. ದೇವರು ಯಾಕೆ ಅವನನ್ನು ಎತ್ತರದಲ್ಲಿಟ್ಟಿದ್ದಾನೆ ಎಂದು ಕೇಳುತ್ತೇವೆ. ಕುರ್ಚಿ ಹಾಕಿಕೊಟ್ಟವರು ನಾವು.

ನಾಬೋತನ ಊರಾದ ಇಜ್ರೇಲಿನ ಹಿರಿಯರಲ್ಲಿ ಪತ್ರ ಓದಿ, ಇದು ನನ್ನ ಕೈಯಿಂದ ಆಗದು ಎಂದವನು ಒಬ್ಬನೂ ಇರಲಿಲ್ಲ. ಇದ್ದರೂ ನಾಬೋತ ಉಳಿಯುತ್ತಿದ್ದನೋ ಇಲ್ಲವೋ. ಬಿಲ್ಲಿಗೆ ಸಹಿ ಹಾಕದ ಅಕ್ಕನಿಂದಲೂ ಆ ಬಿಲ್ ನಿಲ್ಲಲಿಲ್ಲ. ಆಮೇಲೆ ಕೂಟದ ಕೆಲವರು ಅವರಿಗಾಗಿ ಅಲ್ಲಿ ಇಲ್ಲಿ ಕೆಲಸ ಕೇಳಿದರು, ಕಾರ್ಮಿಕ ಕಾನೂನು ಗೊತ್ತಿರುವ ಒಬ್ಬರು ಬಾಕಿ ಸಂಬಳಕ್ಕೆ ಅರ್ಜಿ ಬರೆದುಕೊಟ್ಟರು. ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಕಡಿಮೆ. ಬಾಕಿ ಹಣ ಇನ್ನೂ ಬಂದಿಲ್ಲ. ಬಡ್ತಿ ಪಡೆದವರು ಈಗಲೂ ಅದೇ ಕುರ್ಚಿಯಲ್ಲಿದ್ದಾರೆ, ಚೆನ್ನಾಗಿಯೇ ಇದ್ದಾರಂತೆ. ಪ್ರಾರ್ಥನೆಯ ಹೊತ್ತಿನಲ್ಲಿ ಅಕ್ಕ ಇವತ್ತಿಗೂ ಎಷ್ಟು ಕಾಲ ಕರ್ತನೇ ಎಂದು ಕೇಳುತ್ತಾರೆ. ನಾವು ಆಮೆನ್ ಅನ್ನುತ್ತೇವೆ.